ಫ್ರೆಂಚಲ್ಲಿ ಊರು, ದೇಶದ ಹೆಸರಿನ ಮುಂದೆ ಆ, ಆಂ, ಓ: ಎಲ್ಲಿ ಯಾವ್ದು

ಎ1 (ಫ್ರೆಂಚಿನ ಮೊದಲ ಹಂತ) ಓದ್ತಿರೋರು ಮೊದ್ಲು ಈ ಒಂದು ವಾಕ್ಯ ಬಾಯಿಪಾಠ ಮಾಡ್ಕೊಳಿ: "ಝಾಬಿತ್ ಆ ಮೈಸೋರ್, ಓ ಕರ್ನಾಟಕಾ, ಆಂನ್ಯಾಂದ್." ಮೈಸೂರಲ್ಲಿ, ಕರ್ನಾಟಕದಲ್ಲಿ, ಇಂಡಿಯಾದಲ್ಲಿ ಇರ್ತೀನಿ ಅಂತ. ನಮಗೆ ಮೂರಕ್ಕೂ ಅದೇ "ಅಲ್ಲಿ" ಸಾಕು, ಅವರಿಗೆ ಮೂರಕ್ಕೆ ಮೂರು. ಊರಿಗೆ "ಆ" (à), ಪುಲ್ಲಿಂಗ ಜಾಗಕ್ಕೆ "ಓ" (au), ಸ್ತ್ರೀಲಿಂಗ ದೇಶಕ್ಕೆ "ಆಂ" (en, ಮೂಗಲ್ಲಿ ಹೇಳ್ಬೇಕು). ಹೋಗೋದಕ್ಕೂ ಇರೋದಕ್ಕೂ ಮಾತ್ರ ವ್ಯತ್ಯಾಸ ಇಲ್ಲ, ಪ್ಯಾರಿಸ್‌ಗೆ ಹೋಗ್ತೀನಿ ಅಂದ್ರೂ "ಆ ಪಾರಿ", ಪ್ಯಾರಿಸಲ್ಲೇ ಇದೀನಿ ಅಂದ್ರೂ "ಆ ಪಾರಿ", ಉಳಿದಿದ್ದನ್ನ ಕ್ರಿಯಾಪದ ನೋಡ್ಕೊಳತ್ತೆ.

ಲಿಂಗ ಗೊತ್ತಾಗೋದು ಫ್ರೆಂಚ್ ಸ್ಪೆಲ್ಲಿಂಗಿಂದ. ಕೊನೇಲಿ "ಇ" (e) ಅಕ್ಷರ ಇದ್ರೆ ಬಹುತೇಕ ಸ್ತ್ರೀಲಿಂಗ: ಫ್ರಾನ್ಸ್, ಚೀನಾ, ಇಟಲಿ, ರಷ್ಯಾ. ಇಲ್ದಿದ್ರೆ ಪುಲ್ಲಿಂಗ: ಜಪಾನ್, ಕೆನಡಾ, ಪೋರ್ಚುಗಲ್, ಬ್ರೆಜಿಲ್. ಮೆಕ್ಸಿಕೊ, ಕಾಂಬೋಡಿಯಾ, ಮೊಜಾಂಬಿಕ್, ಜಿಂಬಾಬ್ವೆ ಇವಕ್ಕೆ ಫ್ರೆಂಚಲ್ಲಿ ಕೊನೇಲಿ "ಇ" ಇದ್ರೂ ಪುಲ್ಲಿಂಗಾನೇ, ಅದಕ್ಕೆ "ಓ ಮೆಕ್ಸಿಕ್".

ಈಗ ತಲೆ ತಿನ್ನೋ ಭಾಗ. ಇರಾನ್ ಪುಲ್ಲಿಂಗ, ಇರಾಕ್ ಪುಲ್ಲಿಂಗ, ಅಫ್ಘಾನಿಸ್ತಾನ, ಅಂಗೋಲಾ, ಉರುಗ್ವೆ ಎಲ್ಲಾ ಪುಲ್ಲಿಂಗ. ಹಾಗಾದ್ರೆ "ಓ" ಬರ್ಬೇಕಲ್ವಾ? ಬರಲ್ಲ, "ಆಂ" ಬರತ್ತೆ. ಬರೀ ಎಕ್ಸೆಪ್ಷನ್ ಅಂತ ಪಟ್ಟಿ ಉರು ಹೊಡೆದ್ರೆ ಎರಡೇ ದಿನಕ್ಕೆ ಮರೆತು ಹೋಗತ್ತೆ, ಕಾರಣ ಹಿಡ್ಕೊಳಿ. "ಓ ಇರಾಂ" ಅಂತ ಜೋರಾಗಿ ಹೇಳಿ ನೋಡಿ, ಸ್ವರದ ಬೆನ್ನಿಗೆ ಸ್ವರ, ಬಾಯಿ ತಡವರಿಸತ್ತೆ. "ಆಂ" ಹಾಕಿದ್ರೆ ಅದರೊಳಗೆ ಸುಮ್ನೆ ಕೂತಿದ್ದ ನಕಾರ ಎದ್ದು ಬಂದು "ಆಂನಿರಾಂ" ಅಂತ ಜಾರ್ಕೊಂಡು ಹೋಗತ್ತೆ. ಹೈಸ್ಕೂಲಲ್ಲಿ ಮನೆ + ಅನ್ನು = ಮನೆಯನ್ನು, ಮಧ್ಯೆ ಯಕಾರ ಆಗಮ ಅಂತ ಬರೆದಿದ್ವಲ್ಲ, ಹೆಚ್ಚುಕಮ್ಮಿ ಅದೇ ಕಥೆ. ಹಾಗಾಗಿ ನನ್ನ ಶಾರ್ಟ್‌ಕಟ್ ಇದು: ಲಿಂಗ ಆಮೇಲೆ, ಹೆಸರಿನ ಮೊದಲ ಧ್ವನಿ ಮೊದಲು. ಏಕವಚನದ ದೇಶ, ಸ್ವರದಿಂದ ಶುರು ಆಗತ್ತಾ? ಕಣ್ಮುಚ್ಚಿ "ಆಂ" ಹಾಕಿ, ಗಂಡೋ ಹೆಣ್ಣೋ ಕೇಳಕ್ಕೇ ಹೋಗ್ಬೇಡಿ. ಇಕ್ವೆಡಾರ್, ಇಸ್ರೇಲ್, ಇಂಡಿಯಾ, ಇಟಲಿ ಎಲ್ಲಾ ಒಂದೇ ಏಟಿಗೆ ಮುಗೀತು. ವ್ಯಂಜನ ಆದ್ರೆ ಮಾತ್ರ ಲಿಂಗ ನೋಡಿ.

ಇಲ್ಲಿ ಎರಡು ಕೊಕ್ಕೆ ಇದೆ. ಯೆಮೆನ್ ಸ್ಪೆಲ್ಲಿಂಗ್ ನೋಡಿ ಸ್ವರ ಅನ್ಕೋಬೇಡಿ, ಕನ್ನಡದಲ್ಲಿ ಬರೆದ್ರೆ "ಯ" ತಾನೆ, ವ್ಯಂಜನ, ಅದಕ್ಕೆ "ಓ ಯೆಮೆನ್". ಹೊಂಡುರಾಸ್‌ನ ಹಕಾರ ಬಾಯಲ್ಲಿ ಕೇಳ್ಸಲ್ಲ, ಆದ್ರೂ ಅದು ವ್ಯಂಜನದ ಥರ ಅಡ್ಡ ನಿಲ್ಲತ್ತೆ, ಅದಕ್ಕೆ "ಓ ಒಂಡ್ಯುರಾಸ್".

ಶಾರ್ಟ್‌ಕಟ್ "ಇಂದ"ಕ್ಕೂ ನಡೆಯತ್ತೆ, ಅದಕ್ಕೇ ನಂಗೆ ಇಷ್ಟ. ಸ್ತ್ರೀಲಿಂಗಕ್ಕೆ "ದ ಫ್ರಾಂಸ್", ಪುಲ್ಲಿಂಗಕ್ಕೆ "ದ್ಯು ಝಪೋಂ", ಸ್ವರ ಬಂದ್ರೆ ಇಬ್ಬರಿಗೂ ಒಂದೇ: "ದ್ಯಾಂದ್", "ದಿರಾಂ". "ದ" ತನ್ನ ಸ್ವರ ಕಳ್ಕೊಂಡು ಅಂಟ್ಕೊಳತ್ತೆ, ಇದು ನಮ್ಮ ಲೋಪಸಂಧಿ. ಊರಿಗೂ ಬರೀ "ದ": "ದ ಪಾರಿ".

ಬಹುವಚನ ಸುಲಭ. ಅಮೆರಿಕ, ನೆದರ್ಲೆಂಡ್ಸ್, ಫಿಲಿಪ್ಪೀನ್ಸ್‌ಗೆ ಕೇಳಕ್ಕೆ "ಓ"ನೇ, ಬರೆಯುವಾಗ ಕೊನೇಲಿ ಒಂದು ಎಕ್ಸ್. ಸ್ವರ ಬಂದ್ರೆ ಆ ಎಕ್ಸ್ ಝಕಾರ ಆಗಿ ಕೇಳ್ಸತ್ತೆ: "ಓಝೆತಾಝ್ಯುನಿ" (ಅಮೆರಿಕದಲ್ಲಿ). ಇಂದ ಅನ್ನೋಕೆ "ದೆ".

ಕ್ಯೂಬಾ, ಮಡಗಾಸ್ಕರ್, ಮಾಲ್ಟಾ, ಸಿಂಗಾಪುರ ದೇಶಗಳೇ ಆದ್ರೂ ಹೆಸರಿಗೆ ಆರ್ಟಿಕಲ್ (ಮುಂದೆ ಬರೋ "ಲ", "ಲಾ") ಇಲ್ಲ, ಊರಿನ ಥರ "ಆ ಕ್ಯುಬಾ". ಉಲ್ಟಾ ಕೇಸೂ ಇದೆ: ಕೈರೋ ಊರಿನ ಹೆಸರೇ "ಲ ಕೇರ್", ಆ ಪುಲ್ಲಿಂಗದ "ಲ" ಹಿಂದಿನ "ಆ" ಜೊತೆ ಕರಗಿ "ಓ ಕೇರ್" ಆಗತ್ತೆ. ಫ್ರಾನ್ಸಿನ ಬಂದರು ಊರು ಲ ಆವ್ರ್ ಕೂಡ ಹಾಗೇ, "ಓ ಆವ್ರ್". ಲಾ ರೊಶೆಲ್ ಅನ್ನೋ ಊರು ಸ್ತ್ರೀಲಿಂಗ, ಅಲ್ಲಿ ಏನೂ ಕರಗಲ್ಲ, "ಆ ಲಾ ರೊಶೆಲ್".

ಕ್ವಿಬೆಕ್ ಕೇಳಿದ್ರೆ ಸ್ವಲ್ಪ ನಿಂತು ಬರೀರಿ. "ಆ ಕೆಬೆಕ್" ಅಂದ್ರೆ ನಗರ, "ಓ ಕೆಬೆಕ್" ಅಂದ್ರೆ ಪ್ರಾಂತ್ಯ. ಮಾಂಟ್ರಿಯಲ್ಲಲ್ಲಿ ಇರೋರು "ಓ ಕೆಬೆಕ್" ಇದಾರೆ, "ಆ ಕೆಬೆಕ್" ಇಲ್ಲ. ಲಕ್ಸೆಂಬರ್ಗ್‌ಗೂ ಇದೇ ಲೆಕ್ಕ, "ಆ" ರಾಜಧಾನಿಗೆ, "ಓ" ದೇಶಕ್ಕೆ.