ಶಹಾಬಾದ್ ಕಲ್ಲಿನ ಕೊಳವೂ ನೀರಿನ ಪಿಎಚ್ ಮಟ್ಟವೂ

ಪುಣೆಯ ಅಂಗಳಗಳಲ್ಲಿ ಕಾಣುವ ಶಹಾಬಾದಿ ಫರ್ಶಿ (ಹಾಸುಗಲ್ಲು) ನಮ್ಮ ಕಲಬುರಗಿ ಜಿಲ್ಲೆಯ ಸುಣ್ಣದ ಕಲ್ಲು ಎಂಬುದು ಇಲ್ಲಿನ ಕನ್ನಡಿಗರಿಗೆ ಹೊಸ ಸುದ್ದಿಯಲ್ಲ. ಕೋಥ್ರೂಡ್, ಔಂಧ್ ಕಡೆ ಅದನ್ನೇ ಕೈತೋಟದ ಕೊಳದ ತಳಕ್ಕೂ ಅಂಚಿಗೂ ಹಾಸಿಕೊಂಡವರು, ಮೀನು ಸತ್ತು ತೇಲಿದ ಕೂಡಲೇ, ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ತಟಸ್ಥ, ಅದಕ್ಕಿಂತ ಹೆಚ್ಚಾದಷ್ಟೂ ಕ್ಷಾರ) ಏರಿಸಿತೆಂದು ಕಲ್ಲನ್ನು ದೂರುತ್ತಾರೆ. ನಾನು ನೋಡಿದ ಮಟ್ಟಿಗೆ ಆ ದೂರಿನಲ್ಲಿ ಹುರುಳು ಕಡಿಮೆ.

ಸುಣ್ಣದ ಕಲ್ಲು ಶುದ್ಧ ನೀರಿನಲ್ಲಿ ಕರಗುವುದು ಅತ್ಯಲ್ಪ. ಗಾಳಿಯಿಂದಲೂ ಮೀನಿನ ಉಸಿರಿನಿಂದಲೂ ನೀರಿಗೆ ಸೇರುವ ಇಂಗಾಲದ ಡೈಆಕ್ಸೈಡ್ ದುರ್ಬಲ ಆಮ್ಲವಾಗಿ ಕಲ್ಲನ್ನು ಸವೆಸಿದಾಗ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ನೀರಿಗೆ ಇಳಿಯುತ್ತವೆ. ನೀರು ಹೊರಗಿನ ಗಾಳಿಯೊಂದಿಗೆ ಸಮತೋಲಕ್ಕೆ ಬಂದು ಪಿಎಚ್ ಸುಮಾರು 8.3 ತಲುಪಿದಾಗ ಕರಗುವಿಕೆ ನಿಲ್ಲುತ್ತದೆ. ನಯವಾದ ಹಾಸುಗಲ್ಲಿನಲ್ಲಿ ಇದು ಬಹಳ ನಿಧಾನ, ಪುಡಿಜಲ್ಲಿಯಲ್ಲಿ ಬೇಗ. ಹೀಗೆ ಕೂಡಿದ ಬೈಕಾರ್ಬನೇಟೇ ಕೊಳದ ಕ್ಷಾರೀಯತೆ, ಅಂದರೆ ಆಮ್ಲವನ್ನು ತಾಳಿಕೊಳ್ಳುವ ಶಕ್ತಿ. ಮೀನಿನ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುವಾಗ, ಪ್ರತಿ ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಇದರ ಜೊತೆಗೆ ಆಷಾಢದ ಮಳೆ ನೀರನ್ನು ತೆಳುವಾಗಿಸಿದರೆ, ಕ್ಷಾರೀಯತೆಯ ದಾಸ್ತಾನಿಲ್ಲದ ಕೊಳದಲ್ಲಿ ಪಿಎಚ್ ಏಕಾಏಕಿ ಕುಸಿಯುತ್ತದೆ. ಫರ್ಶಿ ಹಾಸಿದ ಕೊಳ ಅಂಥ ಹೊತ್ತಿನಲ್ಲಿ ಹೆಚ್ಚು ಸುರಕ್ಷಿತ.

ಹಾಗಾದರೆ ಪಿಎಚ್ 9 ದಾಟುವುದು ಹೇಗೆ? ಬಹುಪಾಲು ಪಾಚಿಯಿಂದ. ಬಿಸಿಲಿನಲ್ಲಿ ಪಾಚಿ ಡೈಆಕ್ಸೈಡನ್ನೆಲ್ಲ ಹೀರಿಕೊಳ್ಳುವುದರಿಂದ, ಬೆಳಗಿನ ಜಾವ 7.5 ಇದ್ದ ಹಸಿರು ನೀರು ಮಧ್ಯಾಹ್ನ ನಾಲ್ಕರ ಹೊತ್ತಿಗೆ 9.2 ತೋರಿಸಬಹುದು. ದಿನಕ್ಕೊಮ್ಮೆ, ಅದೂ ಆಫೀಸಿನಿಂದ ಬಂದ ಮೇಲೆ ಅಳೆಯುವವರು ಕಲ್ಲನ್ನು ಅನುಮಾನಿಸುವುದಕ್ಕೆ ಇದೇ ಕಾರಣ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದ ವಿಷಕಾರಿ ರೂಪ ಶೇ. 1ಕ್ಕಿಂತ ಕಡಿಮೆ, 9 ಆದಾಗ ಮೂರನೇ ಒಂದು ಭಾಗ ದಾಟುತ್ತದೆ. ಮೀನು ಸಾಯುವುದು ಇಲ್ಲಿ.

ಎರಡನೆಯ ಅಪರಾಧಿ, ಫರ್ಶಿಯ ಸಂದುಗಳಿಗೆ ಮೆತ್ತಿದ ಹೊಸ ಸಿಮೆಂಟು. ಅದರಿಂದ ಒಸರುವ ನೀರಿನ ಪಿಎಚ್ 12ರ ಆಸುಪಾಸು ಇರುವುದರಿಂದ, ಕೊಳವನ್ನು ಹಲವು ಬಾರಿ ತುಂಬಿ ಬರಿದು ಮಾಡದೆ ಮೀನು ಬಿಡಬಾರದು.

ಬೇಸಿಗೆಯಲ್ಲಿ ಆವಿಯಾದ ನೀರಿನ ಬದಲಿಗೆ ಕೊಳವೆಬಾವಿಯ ಗಡಸು ನೀರನ್ನೇ ಸುರಿಯುತ್ತಿದ್ದರೆ ಲವಣ ಮಾತ್ರ ಉಳಿದು ಅಂಚಿನಲ್ಲಿ ಬಿಳಿಯ ಪಟ್ಟೆ ಕಟ್ಟುತ್ತದೆ. ನೈದಿಲೆಯ ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಹಳದಿಗೆ ತಿರುಗಿದರೆ, ಕ್ಷಾರ ನೀರಿನಲ್ಲಿ ಕಬ್ಬಿಣ ಸಿಗುತ್ತಿಲ್ಲವೆಂದು ಶಂಕಿಸಿ, ಸ್ವಲ್ಪ ನೀರು ಬದಲಿಸಿ.

ಕಲ್ಲು ಯಾವುದೆಂಬ ಅನುಮಾನವಿದ್ದರೆ ಮೇಲ್ಮೈಯನ್ನು ಕೆರೆದು, ಆ ಪುಡಿಯ ಮೇಲೆ ವಿನೆಗರ್ ಹನಿಸಿ. ಸುಣ್ಣದ ಕಲ್ಲಾದರೆ ನೊರೆಗುಳ್ಳೆ ಏಳುತ್ತದೆ. ಪುಣೆಯ ಕರಿಗಲ್ಲಿನ ಬಿಳಿ ಎಳೆಗಳಲ್ಲಿಯೂ ಕ್ಯಾಲ್ಸೈಟ್ ಇರಬಹುದಾದ್ದರಿಂದ ಕಪ್ಪು ಭಾಗವನ್ನೇ ಕೆರೆಯಬೇಕು. ಕ್ಷಾರೀಯತೆ ಲೀಟರಿಗೆ 50 ಮಿಲಿಗ್ರಾಂಗಿಂತ ಇಳಿದ ಕೊಳಕ್ಕೆ ನಾನು ಸುಣ್ಣದ ಕಲ್ಲಿನ ಜಲ್ಲಿಯನ್ನು ಜಾಳಿಗೆ ಚೀಲದಲ್ಲಿ ತುಂಬಿ ಫಿಲ್ಟರಿನ ಹರಿವಿನಲ್ಲಿ ಇಡಿಸುತ್ತೇನೆ. ಎಲೆಯಡಿಕೆಗೆ ಹಚ್ಚುವ ಸುಟ್ಟ ಸುಣ್ಣವನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಅದು ಸಿಮೆಂಟಿನಂತೆಯೇ ಪಿಎಚ್ ಅನ್ನು ಒಮ್ಮೆಗೇ ಮೇಲಕ್ಕೆ ತಳ್ಳುತ್ತದೆ.