ದಣಿಯುವ ವಿಮಾನ, ಭಾರವಾಗುವ ಟ್ಯಾಂಕ್

1969ರ ಡಿಸೆಂಬರ್ 22. ಅಮೆರಿಕದ ನೆವಾಡಾದಲ್ಲಿ ಹಾರುತ್ತಿದ್ದ ಎಫ್-111 ಯುದ್ಧವಿಮಾನದ ಒಂದು ರೆಕ್ಕೆ ಆಕಾಶದಲ್ಲೇ ಕಳಚಿಕೊಂಡಿತು. ಒಳಗಿದ್ದ ಇಬ್ಬರೂ ಸತ್ತರು. ವಿಮಾನ ಹಳೆಯದಾಗಿರಲಿಲ್ಲ. ಅದು ಒಟ್ಟು ಹಾರಿದ್ದೇ ನೂರು ಗಂಟೆಯ ಆಸುಪಾಸು. ರೆಕ್ಕೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವ ಉಕ್ಕಿನ ಕೀಲಿನಲ್ಲಿ, ತಯಾರಾಗುವಾಗಲೇ, ಎರಡು ಸೆಂಟಿಮೀಟರಿಗಿಂತ ತುಸು ಉದ್ದದ ಬಿರುಕೊಂದು ಉಳಿದುಬಿಟ್ಟಿತ್ತು. ಕಾರ್ಖಾನೆಯ ತಪಾಸಣೆಯಲ್ಲಿ ಅದು ಯಾರಿಗೂ ಸಿಕ್ಕಿರಲಿಲ್ಲ.

ಈಗ ಅದೇ ವಾಯುಪಡೆಯ ಬಿ-52 ಬಾಂಬರ್ ನೋಡಿ. ಅದರ ಕೊನೆಯ ವಿಮಾನ ಕಾರ್ಖಾನೆಯಿಂದ ಹೊರಬಂದದ್ದು 1962ರಲ್ಲಿ. ಅವುಗಳಲ್ಲಿ 76 ಇನ್ನೂ ಸೇವೆಯಲ್ಲಿವೆ. 2050ರ ದಶಕದವರೆಗೂ ಅವನ್ನು ಹಾರಿಸುವ ಯೋಜನೆ ಇದೆ.

ಹಳೆಯ ಯುದ್ಧವಿಮಾನವೊಂದು ಬಿದ್ದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ. ಇಷ್ಟು ವರ್ಷದ ವಿಮಾನವನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದಾರೆ? ಒಳಗೆ ಕೂರುವವರ ಜೀವದ ವಿಚಾರ ಇದು, ಹಾಗಾಗಿ ಪ್ರಶ್ನೆ ಕೇಳಲೇಬೇಕು. ಆದರೆ ವರ್ಷ ಎಣಿಸಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ಒಂದು ತಂತಿಯನ್ನು ಹಿಡಿದು ಒಂದೇ ಜಾಗದಲ್ಲಿ ಆಚೆ ಈಚೆ ಬಗ್ಗಿಸುತ್ತಾ ಹೋಗಿ. ಎಳೆದರೆ ತುಂಡಾಗದ ತಂತಿ ಹತ್ತಿಪ್ಪತ್ತು ಸಲ ಬಗ್ಗಿದ ಮೇಲೆ ಪಟ್ಟನೆ ಮುರಿಯುತ್ತದೆ. ಲೋಹದ ದಣಿವು ಅಂದರೆ ಇದೇ. 19ನೇ ಶತಮಾನದಲ್ಲಿ ರೈಲಿನ ಗಾಲಿಗಳ ಅಚ್ಚುಗಳು ಕಾರಣವೇ ತಿಳಿಯದಂತೆ ಮುರಿಯುತ್ತಿದ್ದವು. ಜರ್ಮನಿಯ ರೈಲ್ವೆ ಇಂಜಿನಿಯರ್ ಔಗುಸ್ಟ್ ವೋಲರ್ ವರ್ಷಗಟ್ಟಲೆ ಪ್ರಯೋಗ ಮಾಡಿ ಇದರ ಲೆಕ್ಕ ಹಿಡಿದರು. ಒಂದು ಸಲ ಎಷ್ಟು ಭಾರ ಬಿತ್ತು ಅನ್ನುವುದಷ್ಟೇ ಮುಖ್ಯವಲ್ಲ, ಎಷ್ಟು ಸಲ ಬಿತ್ತು ಅನ್ನುವುದೂ ಮುಖ್ಯ ಎಂದು ಅವರು ತೋರಿಸಿದರು. ಅನೇಕ ಬಗೆಯ ಉಕ್ಕಿಗೆ ಒಂದು ಮಿತಿ ಇದೆ. ಹೊರೆ ಅದಕ್ಕಿಂತ ಕಡಿಮೆ ಇದ್ದರೆ ಎಷ್ಟು ಸಲ ಬಿದ್ದರೂ ಅದು ಹೆಚ್ಚುಕಡಿಮೆ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಹೊರೆಯೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಹಳೆಯ ವಿಮಾನಗಳ ಮೈಯೆಲ್ಲ ಬಹುಪಾಲು ಅಲ್ಯೂಮಿನಿಯಂ.

ಯುದ್ಧವಿಮಾನ ರಭಸವಾಗಿ ತಿರುಗುವಾಗ ಪೈಲಟ್‌ನ ದೇಹ ಏಳೆಂಟು ಪಟ್ಟು ಭಾರವಾದಂತೆ ಆಗುತ್ತದೆ. ವಿಮಾನದ ಮೈಯೂ ಅಷ್ಟೇ ಭಾರವಾಗುತ್ತದೆ, ಆ ಹೊರೆಯೆಲ್ಲ ರೆಕ್ಕೆಯ ಬುಡಕ್ಕೆ ಬೀಳುತ್ತದೆ. ಸಾಗಣೆ ವಿಮಾನದ ಪಾಡು ಬೇರೆ. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡ ಏರಿ ಇಳಿಯುತ್ತದೆ, ಮೈ ಒಂಚೂರು ಉಬ್ಬಿ ಕುಗ್ಗುತ್ತದೆ. ಹಾಗಾಗಿ ಒಂದೇ ದಿನ ತಯಾರಾದ ಎರಡು ವಿಮಾನಗಳ ನಿಜವಾದ ವಯಸ್ಸು ಬೇರೆ ಬೇರೆ ಇರಬಹುದು. ಕಾದಾಟದ ತರಬೇತಿಯಲ್ಲಿ ತಿರುಗಿದ್ದು ಬೇಗ ಮುದಿಯಾಗುತ್ತದೆ. ನೇರವಾಗಿ, ಸಾವಕಾಶ ಹಾರಿದ್ದು ಇನ್ನೂ ಗಟ್ಟಿಯಾಗಿರುತ್ತದೆ. ಬಿ-52 ಇಷ್ಟು ಕಾಲ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಅದು ಫೈಟರ್‌ನಂತೆ ಮೈ ತಿರುಚಿಕೊಂಡು ಹಾರುವ ವಿಮಾನವೇ ಅಲ್ಲ. ಇಂದು ಯುದ್ಧವಿಮಾನಗಳೊಳಗೆ ಸೆನ್ಸರ್‌ಗಳಿದ್ದು, ಯಾವ ವಿಮಾನ ಎಷ್ಟು ಹೊರೆ ಎಷ್ಟು ಸಲ ಹೊತ್ತಿತು ಎಂಬ ಲೆಕ್ಕವನ್ನು ಬೇರೆ ಬೇರೆಯಾಗಿ ಇಡುತ್ತವೆ.

ಎಫ್-111 ಅಪಘಾತ ಇಂಜಿನಿಯರ್‌ಗಳ ಯೋಚನೆಯನ್ನೇ ಬದಲಿಸಿತು. ಅಲ್ಲಿಯವರೆಗೆ, ಬಿರುಕಿಲ್ಲದ ವಿಮಾನ ಇಷ್ಟು ಗಂಟೆ ಬಾಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಆಮೇಲೆ, ಎಲ್ಲ ವಿಮಾನದಲ್ಲೂ ಕಣ್ಣಿಗೆ ಕಾಣದ ಬಿರುಕು ಇದ್ದೇ ಇದೆ ಎಂದುಕೊಂಡು ಶುರುಮಾಡಿದರು. ಆ ಬಿರುಕು ಅಪಾಯದ ಹಂತಕ್ಕೆ ಬೆಳೆಯಲು ಎಷ್ಟು ಕಾಲ ಬೇಕು? ಅಷ್ಟರೊಳಗೆ ಎಷ್ಟು ಸಲ ತಪಾಸಣೆ ಮಾಡಬೇಕು? ವಿಮಾನ ವಿಜ್ಞಾನದಲ್ಲಿ ಇಷ್ಟು ಪ್ರಾಮಾಣಿಕವಾದ ಯೋಚನೆ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. ಎಫ್-111ಗಳನ್ನು ಮೈನಸ್ 40 ಡಿಗ್ರಿಗೆ ತಣ್ಣಗೆ ಮಾಡಿ, ಜಾಕ್‌ಗಳಿಂದ ರೆಕ್ಕೆಗಳನ್ನು ಬಲವಾಗಿ ಬಗ್ಗಿಸಿ ಪರೀಕ್ಷಿಸಿದರು. ತಣ್ಣಗಾದ ಉಕ್ಕು ಬಿರುಕನ್ನು ಕಡಿಮೆ ಸಹಿಸುತ್ತದೆ. ದೊಡ್ಡ ಬಿರುಕು ಇದ್ದರೆ ಅಲ್ಲೇ ನೆಲದ ಮೇಲೆ ಮುರಿಯಲಿ, ಆಕಾಶದಲ್ಲಿ ಬೇಡ ಎಂಬುದು ಉದ್ದೇಶ. ಕೆಲವು ಹಾಗೆ ಮುರಿದವು ಕೂಡ. ಪಾಸಾದವು ದಶಕಗಳ ಕಾಲ ಹಾರಿದವು. ಆಸ್ಟ್ರೇಲಿಯಾ ತನ್ನ ಎಫ್-111ಗಳನ್ನು 2010ರವರೆಗೂ ಬಳಸಿತು.

ಹಳೆಯ ವಿಮಾನವೊಂದು ದೊಡ್ಡ ದುರಸ್ತಿಗೆ ಹ್ಯಾಂಗರ್‌ಗೆ ಬಂದಾಗ ಮೊದಲು ನಡೆಯುವುದು ಈ ಬಿರುಕುಗಳ ಹುಡುಕಾಟ. ಬಣ್ಣ ಕೆರೆಯುತ್ತಾರೆ, ಹಲಗೆಗಳನ್ನು ಬಿಚ್ಚುತ್ತಾರೆ. ಅಲ್ಟ್ರಾಸೌಂಡ್, ಎಕ್ಸ್-ರೇ, ಲೋಹದೊಳಗೆ ಸುಳಿವಿದ್ಯುತ್ ಹರಿಸಿ ನೋಡುವ ಉಪಕರಣ, ಎಲ್ಲವೂ ಬೇಕು. ಬಿರುಕು ಜಾಸ್ತಿ ಹುಟ್ಟುವುದು ಬೋಲ್ಟು, ರಿವೆಟ್ಟುಗಳ ತೂತಿನ ಅಂಚಿನಲ್ಲಿ. ಇದಕ್ಕೊಂದು ಚಂದದ ಉಪಾಯ ಇದೆ. ತೂತಿಗಿಂತ ಸ್ವಲ್ಪ ದಪ್ಪನೆಯ ಸರಳನ್ನು ಅದರೊಳಗಿಂದ ಬಲವಾಗಿ ಎಳೆಯುತ್ತಾರೆ. ತೂತು ಕೊಂಚ ಹಿಗ್ಗುತ್ತದೆ. ಸುತ್ತಲಿನ ಲೋಹ ವಾಪಸ್ ಒತ್ತಿ ನಿಲ್ಲುತ್ತದೆ. ಆ ಒತ್ತಡದಲ್ಲಿ ಬಿರುಕಿಗೆ ಬಾಯಿ ತೆರೆಯುವುದು ಕಷ್ಟ. ಏನನ್ನೂ ಸೇರಿಸದೆ, ತೂಕ ಹೆಚ್ಚಿಸದೆ ಆಯುಷ್ಯ ಹೆಚ್ಚುತ್ತದೆ.

ಇದು ಸಾಲದಿದ್ದರೆ ಅಂಗವನ್ನೇ ಬದಲಿಸಬೇಕು. ಎ-10 ದಾಳಿ ವಿಮಾನಗಳಲ್ಲಿ 173ಕ್ಕೆ 2019ರ ಹೊತ್ತಿಗೆ ಹೊಸ ರೆಕ್ಕೆ ಹಾಕಿ ಮುಗಿಸಿದರು. ಎಫ್-16ರ ಕಥೆ ಇನ್ನೊಂದು ಬಗೆ. ಅದರ ಚೌಕಟ್ಟನ್ನು ನೆಲದ ಮೇಲೆ ಪರೀಕ್ಷೆಯ ಅಟ್ಟಣಿಗೆಗೆ ಬಿಗಿದು, ಜಾಕ್‌ಗಳಿಂದ ಬಗ್ಗಿಸಿ, ಸಾವಿರಾರು ಗಂಟೆಗಳ ಹಾರಾಟದ ಹೊರೆಯನ್ನು ಮತ್ತೆ ಮತ್ತೆ ಹೇರಿದರು. 8,000 ಗಂಟೆಯೆಂದು ನಿಗದಿಯಾಗಿದ್ದ ಆಯುಷ್ಯವನ್ನು, ಬೇಕಾದ ಜಾಗಗಳನ್ನು ಬಲಪಡಿಸಿದರೆ, 12,000 ಗಂಟೆಗೆ ಏರಿಸಬಹುದು ಎಂದು 2017ರಲ್ಲಿ ಒಪ್ಪಿದರು. ಆದರೆ ಪರೀಕ್ಷೆ ಹೇಳುವುದು ನಕ್ಷೆಯ ಪ್ರಕಾರ ತಯಾರಾದ ವಿಮಾನದ ಬಗ್ಗೆ. 2007ರ ನವೆಂಬರ್‌ನಲ್ಲಿ ಮಿಸೌರಿಯ ಮೇಲೆ ಒಂದು ಎಫ್-15 ಹಾರುತ್ತಲೇ ಎರಡು ತುಂಡಾಯಿತು. ಪೈಲಟ್ ಹೇಗೋ ಬದುಕಿದರು. ಮೈಯ ಉದ್ದಕ್ಕೂ ಹೋಗುವ ಒಂದು ತೊಲೆ ನಕ್ಷೆಯಲ್ಲಿ ಹೇಳಿದ್ದಕ್ಕಿಂತ ತೆಳ್ಳಗಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು.

ವೈರಿಂಗ್ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಾತಾಡಬೇಕು. ಒಂದು ವಿಮಾನದೊಳಗೆ ಕಿಲೋಮೀಟರ್‌ಗಟ್ಟಲೆ ತಂತಿ ಇರುತ್ತದೆ. ಅದರ ಮೇಲಿನ ಹೊದಿಕೆ ತೇವ, ಬಿಸಿ, ನಡುಕ ತಿಂದು ಗಡಸಾಗಿ ಸೀಳುತ್ತದೆ. ಅಲ್ಲಿ ಕಿಡಿ ಹಾರಿದರೆ ಬೆಂಕಿ.

ಹೊಸ ರಾಡಾರ್, ಹೊಸ ಪರದೆ, ಹೊಸ ಕ್ಷಿಪಣಿ ಹಾಕುವುದು ಸುಲಭ ಅಂತ ಅನ್ನಿಸುತ್ತದೆ, ಅಲ್ವಾ? ಹಳೆಯ ಪೆಟ್ಟಿಗೆ ತೆಗೆದು ಹೊಸತು ಇಟ್ಟರಾಯಿತು. ಕೆಲವು ಸಲ ಅದು ಚೆನ್ನಾಗಿ ಕೆಲಸ ಮಾಡಿದೆ. 1950ರ ದಶಕದ ವಿನ್ಯಾಸದ ಮಿಗ್-21ಕ್ಕೆ ಹೊಸ ರಾಡಾರ್ ಮತ್ತು ಕ್ಷಿಪಣಿಗಳನ್ನು ಕೂಡಿಸಿ ಭಾರತದಲ್ಲಿ ಬೈಸನ್ ಎಂಬ ಮಾದರಿ ಮಾಡಿದರು. ಅದು 2025ರ ಸೆಪ್ಟೆಂಬರ್‌ವರೆಗೂ ಸೇವೆಯಲ್ಲಿತ್ತು. ಆದರೆ ಪ್ರತಿ ಪೆಟ್ಟಿಗೆಗೂ ನಾಲ್ಕು ಬೇಡಿಕೆಗಳಿವೆ: ಜಾಗ, ತೂಕ, ವಿದ್ಯುತ್, ತಂಪು. ಹೊಸ ಬಗೆಯ ರಾಡಾರ್ ತುಂಬಾ ವಿದ್ಯುತ್ ಕುಡಿದು ಅಷ್ಟೇ ಬಿಸಿ ಉಗುಳುತ್ತದೆ. ಜನರೇಟರ್ ಸಾಲುತ್ತದಾ? ಬಿಸಿಯನ್ನು ಎಲ್ಲಿಗೆ ಕಳಿಸುವುದು? ಮೂತಿಯಲ್ಲಿ ತೂಕ ಬದಲಾದರೆ ಸಮತೋಲನ ಏನಾಗುತ್ತದೆ? ಎಫ್-16ಕ್ಕೆ ಬಂದ ಎಪಿಜಿ-83 ರಾಡಾರ್‌ನ ದೊಡ್ಡ ಸಾಧನೆ ಅಂದರೆ, ವಿಮಾನದಲ್ಲಿ ಆಗಲೇ ಇದ್ದ ವಿದ್ಯುತ್ತಿನಲ್ಲೇ, ತಂಪಿನಲ್ಲೇ ಅದು ಕೆಲಸ ಮಾಡುತ್ತದೆ.

ಬಿ-52ರ ಇಂಜಿನ್ ಬದಲಾವಣೆ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಅದಕ್ಕಿರುವುದು ಎಂಟು ಹಳೆಯ ಇಂಜಿನ್. ಈ ಕಾಲದಲ್ಲಿ ನಾಲ್ಕು ದೊಡ್ಡ ಇಂಜಿನ್ ಸಾಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ದೊಡ್ಡ ಇಂಜಿನ್ ರೆಕ್ಕೆಯ ತುದಿಯ ಕಡೆ ತೂಗಿದರೆ ನೆಲಕ್ಕೆ ತೀರಾ ಹತ್ತಿರ ಬರುತ್ತದೆ. ತುದಿಯದ್ದು ಒಂದು ಕೆಟ್ಟರೆ ವಿಮಾನವನ್ನು ಪಕ್ಕಕ್ಕೆ ಎಳೆಯುವ ಬಲವನ್ನು ಹಳೆಯ ಬಾಲದಿಂದ ತಡೆಯುವುದು ಕಷ್ಟ. ಬಾಲ ಬದಲಿಸಿದರೆ ಮೈಯನ್ನೂ ಬಲಪಡಿಸಬೇಕು. ಅದಕ್ಕೇ 2021ರಲ್ಲಿ ಆಯ್ಕೆಯಾದ ರೋಲ್ಸ್-ರಾಯ್ಸ್ ಎಫ್130, ಖಾಸಗಿ ಜೆಟ್‌ಗಳ ಇಂಜಿನ್ ಕುಟುಂಬದ್ದು. ಗಾತ್ರ ಹಳೆಯದಕ್ಕೆ ಹತ್ತಿರ. ಈಗಲೂ ಎಂಟೇ. ಇಂಧನದಲ್ಲಿ ಶೇಕಡಾ 30ರಷ್ಟು ಉಳಿತಾಯದ ನಿರೀಕ್ಷೆ ಇದೆ.

ನೆಲದ ಮೇಲಿನ ಯುದ್ಧವಾಹನಗಳ ಕಡೆಗೆ ಬಂದರೆ ಕಥೆ ತಿರುವು ಪಡೆಯುತ್ತದೆ. ಟ್ಯಾಂಕಿನ ಮೈ ದಪ್ಪ ಉಕ್ಕು. ಅದು ವಿಮಾನದಂತೆ ದಣಿಯುವುದಿಲ್ಲ. ಇಂಜಿನ್, ಚೈನು, ಸಸ್ಪೆನ್ಷನ್ ಬದಲಿಸುತ್ತಾ ಹೋದರೆ ದಶಕಗಟ್ಟಲೆ ನಡೆಸಬಹುದು. 1945ರಲ್ಲಿ ಬಂದ ಬ್ರಿಟನ್ನಿನ ಸೆಂಚುರಿಯನ್ ಟ್ಯಾಂಕನ್ನೇ ಮತ್ತೆ ಮತ್ತೆ ತಿದ್ದಿ ದಕ್ಷಿಣ ಆಫ್ರಿಕಾ ಒಲಿಫಾಂಟ್ ಮಾಡಿಕೊಂಡಿತು.

ಟ್ಯಾಂಕಿನ ಕಷ್ಟ ತೂಕ. ಅಮೆರಿಕದ ಎಂ1 ಏಬ್ರಮ್ಸ್ 1980ರಲ್ಲಿ ಬಂದಾಗ ಸುಮಾರು 54 ಟನ್ ಇತ್ತು. ಈಚಿನ ಮಾದರಿ 66 ಟನ್ ದಾಟಿದೆ. ಇಂಜಿನ್ ಮಾತ್ರ ಅಂದಿನ ಅದೇ 1,500 ಅಶ್ವಶಕ್ತಿಯದ್ದು. ಅಂದರೆ ಪ್ರತಿ ಟನ್ನಿಗೆ 27ಕ್ಕೂ ಜಾಸ್ತಿ ಇದ್ದ ಅಶ್ವಶಕ್ತಿ 22ರ ಹತ್ತಿರಕ್ಕೆ ಇಳಿದಿದೆ. ಹೊಸ ಬೆದರಿಕೆ ಬಂದಾಗಲೆಲ್ಲ ಕವಚ ಸೇರಿಸಿದರು, ಉಪಕರಣ ಸೇರಿಸಿದರು. ತೂಕ ಹೆಚ್ಚಿದಂತೆ ದಾಟಬಹುದಾದ ಸೇತುವೆಗಳು ಕಡಿಮೆಯಾಗುತ್ತವೆ. ಚೈನು ಬೇಗ ಸವೆಯುತ್ತದೆ. ಕೆಟ್ಟು ನಿಂತರೆ ಎಳೆದು ತರುವ ವಾಹನವೂ ದೊಡ್ಡದೇ ಬೇಕು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇನೆ ಮುಂದಿನ ಸುಧಾರಣೆಯನ್ನು ಕೈಬಿಟ್ಟು, ಹಗುರವಾದ ಎಂ1ಇ3 ಎಂಬ ಹೊಸ ಮಾದರಿಯ ಕಡೆಗೆ ತಿರುಗಿತು. ತೂಕ ಹೆಚ್ಚಿಸದೆ ಈ ಟ್ಯಾಂಕಿನ ಸಾಮರ್ಥ್ಯ ಹೆಚ್ಚಿಸಲು ಇನ್ನು ಆಗದು ಎಂದು ಅದೇ ಹೇಳಿತು.

ಡ್ರೋನ್‌ಗಳು ಈ ಲೆಕ್ಕವನ್ನು ಇನ್ನಷ್ಟು ಕಷ್ಟ ಮಾಡಿವೆ. ಟ್ಯಾಂಕಿನ ಕವಚ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಏಟು ಎದುರಿನಿಂದ ಬರುತ್ತದೆ ಎಂದು ಮುಂಭಾಗ ದಪ್ಪ, ಮೇಲ್ಛಾವಣಿ ತೆಳು. ಈಗ ಏಟು ಮೇಲಿಂದ ಬರುತ್ತಿದೆ. ಎಲ್ಲ ಕಡೆಯೂ ದಪ್ಪ ಮಾಡಿದರೆ ಟ್ಯಾಂಕ್ ಅಲುಗಾಡುವುದೇ ಇಲ್ಲ. ಇನ್ನೊಂದು ದಾರಿ, ಬರುವ ಕ್ಷಿಪಣಿಯನ್ನು ರಾಡಾರ್‌ನಿಂದ ಕಂಡು, ತಾಗುವ ಮೊದಲೇ ಹೊಡೆದುಹಾಕುವುದು. ಇಸ್ರೇಲಿನ ಟ್ರೋಫಿ ವ್ಯವಸ್ಥೆ 2011ರಲ್ಲಿ ಮೊದಲ ಸಲ ನಿಜವಾದ ಕಾಳಗದಲ್ಲಿ ಇದನ್ನು ಮಾಡಿತು. ಇಲ್ಲೂ ವಿದ್ಯುತ್ ಬೇಕು, ಜಾಗ ಬೇಕು.

ಹಾಗಾಗಿ ಹೊಸ ವಾಹನ ಕೊಳ್ಳುವಾಗ ನಾನು ಮೊದಲು ನೋಡುವುದು ಅದರ ತೋಪಿನ ಗಾತ್ರವನ್ನಲ್ಲ. ಅದರೊಳಗೆ ಎಷ್ಟು ಖಾಲಿ ಬಿಟ್ಟಿದ್ದಾರೆ ಅನ್ನುವುದನ್ನು. ಜರ್ಮನಿ ಮತ್ತು ನೆದರ್ಲ್ಯಾಂಡ್ಸ್ ಸೇರಿ ಮಾಡಿದ ಎಂಟು ಚಕ್ರದ ಬಾಕ್ಸರ್ ವಾಹನದಲ್ಲಿ ಹಿಂಭಾಗವನ್ನೇ ಎತ್ತಿ ಬದಲಿಸಬಹುದು. ಸೈನಿಕರನ್ನು ಒಯ್ಯುವ ವಾಹನ ಸುಮಾರು ಒಂದು ಗಂಟೆಯಲ್ಲಿ ಆಂಬುಲೆನ್ಸ್ ಆಗುತ್ತದೆ. ನಾಳೆ ಬರುವ ಉಪಕರಣಕ್ಕೆ ಇಡೀ ವಾಹನ ಬಿಚ್ಚಬೇಕಿಲ್ಲ.

ಹೊಸದು ಅಂದಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ. ಬ್ರಿಟನ್ನಿನ ಹೊಸ ಕವಚವಾಹನ ಏಜಾಕ್ಸ್‌ನ ಪರೀಕ್ಷೆಗಳನ್ನು 2020 ಮತ್ತು 2021ರಲ್ಲಿ ನಿಲ್ಲಿಸಬೇಕಾಯಿತು. ಒಳಗಿನ ಸದ್ದು ಮತ್ತು ನಡುಕದಿಂದ ಸೈನಿಕರ ಕಿವಿಗೆ ಹಾನಿಯ ಆತಂಕ ಎದ್ದಿತ್ತು. ಒಳಗೆ ಗಂಟೆಗಟ್ಟಲೆ ಕೂರುವ ಮನುಷ್ಯನ ದೇಹವನ್ನೂ ವಾಹನದ ಒಂದು ಭಾಗ ಎಂದು ಮೊದಲ ನಕ್ಷೆಯಿಂದಲೇ ಲೆಕ್ಕಕ್ಕೆ ತಗೊಳ್ಳಬೇಕು. ಆಮೇಲೆ ಹೆಡ್‌ಫೋನ್ ಕೊಟ್ಟರೆ ಸಾಲದು.

ಸೈನಿಕರನ್ನು ಒಯ್ಯಲು ಅಮೆರಿಕ 1960ರಿಂದ ಬಳಸುತ್ತಿದ್ದ ಎಂ113 ಕವಚವಾಹನದ ಜಾಗಕ್ಕೆ 2023ರಿಂದ ಎಎಂಪಿವಿ ಎಂಬ ಹೊಸ ಕವಚವಾಹನ ಬರುತ್ತಿದೆ. ಅದರ ಇಂಜಿನ್, ಚೈನು, ಸಸ್ಪೆನ್ಷನ್ ಸೇನೆಗೆ ಆಗಲೇ ಗೊತ್ತಿರುವ ಬ್ರಾಡ್ಲಿ ವಾಹನಗಳ ಬಳಗದ್ದು. ಮೆಕ್ಯಾನಿಕ್‌ಗಳು ಎಲ್ಲವನ್ನೂ ಹೊಸದಾಗಿ ಕಲಿಯಬೇಕಿಲ್ಲ, ಬಿಡಿಭಾಗದ ಉಗ್ರಾಣ ಎರಡಾಗುವುದಿಲ್ಲ. ಒಳಗೆ ಎಂ113ಗಿಂತ ಜಾಸ್ತಿ ಜಾಗ ಇದೆ. ಇಂದಿನ ರೇಡಿಯೊ, ಕಂಪ್ಯೂಟರ್‌ಗಳಿಗೆ ಬೇಕಾದದ್ದಕ್ಕಿಂತ ಹೆಚ್ಚಿನ ವಿದ್ಯುತ್ತನ್ನೂ ಅದಕ್ಕೆ ಕೊಟ್ಟಿದ್ದಾರೆ.