ಜಮೀನು ನಿನ್ನದೇ, ಆದರೆ ನೀನು ಜೈಲಿನಲ್ಲಿ

ಹೋದ ತಿಂಗಳು ತಿಪಟೂರು ಕಡೆಯ ತೆಂಗಿನ ತೋಟದವರೊಬ್ಬರು ಎರಡು ಕಾಗದ ಹಿಡಿದುಕೊಂಡು ನಮ್ಮ ಆಫೀಸಿಗೆ ಬಂದರು. ಮೊದಲನೆಯದು ಶುದ್ಧ ಕ್ರಯಪತ್ರ. 4 ಲಕ್ಷಕ್ಕೆ ತೋಟವನ್ನು ಭಾವಮೈದನಿಗೆ ಮಾರಿದ್ದಾರೆ, ರಿಜಿಸ್ಟರ್ ಕೂಡ ಆಗಿದೆ. ಎರಡನೆಯದು ಅದೇ ದಿನ ಛಾಪಾ ಕಾಗದದ ಮೇಲೆ ಬರೆದ ಕರಾರು: 3 ವರ್ಷದೊಳಗೆ ಆ 4 ಲಕ್ಷ ವಾಪಸ್ ಕೊಟ್ಟರೆ ತೋಟವನ್ನು ತಿರುಗಿ ಬರೆದುಕೊಡುತ್ತೇನೆ ಅಂತ. ಅಸಲಿಗೆ ಇದು ಸಾಲ, ಮಗಳ ಮದುವೆಗೆ ತೆಗೆದುಕೊಂಡದ್ದು. ಗಡುವು ಮುಗಿದು 5 ತಿಂಗಳಾದ ಮೇಲೆ ದುಡ್ಡು ಹೊಂದಿಸಿಕೊಂಡು ಹೋದರೆ ಭಾವಮೈದ "ಟೈಮ್ ಮುಗೀತಲ್ಲ ಭಾವ" ಅಂದನಂತೆ.

"ಕಾಗದ ಏನೇ ಹೇಳ್ಲಿ ಸಾರ್, ಧರ್ಮ ಅಂತ ಒಂದು ಇಲ್ವಾ?"

ಸುಮಾರು 700 ವರ್ಷದ ಹಿಂದೆ ಇಂಗ್ಲೆಂಡಿನ ಜನ ತಮ್ಮ ರಾಜನಿಗೆ ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರವೇ ಈಕ್ವಿಟಿ. ಸಮನ್ಯಾಯ ಅಂತ ಅನುವಾದ ಮಾಡುವವರಿದ್ದಾರೆ, ನಾವು ಕೋರ್ಟಿನಲ್ಲಿ ಈಕ್ವಿಟಿ ಅಂತಲೇ ಅನ್ನುತ್ತೇವೆ. ಜಾಸ್ತಿ ಜನ ಇದನ್ನು ಕನಿಕರ ಅಂದುಕೊಂಡಿದ್ದಾರೆ. ಜಡ್ಜ್ ಮುಂದೆ ಕಷ್ಟ ಹೇಳಿಕೊಂಡರೆ ಈಕ್ವಿಟಿ ಸಿಗುತ್ತದೆ ಅಂತ. ಅದು ಹಾಗಲ್ಲ.

ಅಲ್ಲಿ ಆಗ ದಾವೆ ಹೂಡಬೇಕು ಅಂದರೆ ಮೊದಲು ರಿಟ್ ಕೊಳ್ಳಬೇಕಿತ್ತು. ರಿಟ್ ಅಂದರೆ ರಾಜಮುದ್ರೆ ಬಿದ್ದ ಅಪ್ಪಣೆ. ಒಂದೊಂದು ತಕರಾರಿಗೂ ಒಂದೊಂದು ನಮೂನೆ. ನಿಮ್ಮ ಗೋಳು ಯಾವ ನಮೂನೆಗೂ ಹೊಂದದಿದ್ದರೆ ಮನೆಗೆ ಹೋಗಬೇಕಾದದ್ದೇ. ಹೊಸ ನಮೂನೆ ಮಾಡೋಣ ಅಂದರೆ 1258ರಲ್ಲಿ ಸರದಾರರೆಲ್ಲ ಸೇರಿ ಅದಕ್ಕೂ ಕಡಿವಾಣ ಹಾಕಿದರು. ಆಗ ಜನ ನೇರವಾಗಿ ರಾಜನಿಗೇ ಅರ್ಜಿ ಬರೆಯತೊಡಗಿದರು. ರಾಜನಿಗೆ ಪುರುಸೊತ್ತೆಲ್ಲಿ? ಅರ್ಜಿಗಳು ಚಾನ್ಸಲರ್, ಅಂದರೆ ರಾಜಮುದ್ರೆ ಇಟ್ಟುಕೊಂಡಿದ್ದ ಹಿರಿಯ ಮಂತ್ರಿಯ ಮೇಜಿಗೆ ಬಂದವು. ತಮಾಷೆ ಅಂದರೆ ಆ ರಿಟ್‌ಗಳನ್ನು ಬರೆದು ಮುದ್ರೆ ಒತ್ತುತ್ತಿದ್ದದ್ದೂ ಇದೇ ಚಾನ್ಸಲರ್ ಕಚೇರಿ. ಒಂದು ಕಿಟಕಿಯಲ್ಲಿ "ಫಾರಂ ಇಲ್ಲ" ಅಂತ ವಾಪಸ್ ಕಳಿಸಿದವನೇ ಪಕ್ಕದ ಕಿಟಕಿಯಲ್ಲಿ ಕೂತು ಅರ್ಜಿ ತೆಗೆದುಕೊಂಡ ಹಾಗೆ.

ಆ ಕಾಲದ ಚಾನ್ಸಲರ್ ಸಾಮಾನ್ಯವಾಗಿ ಪಾದ್ರಿ. ಪಾಪ ಪುಣ್ಯದ ಲೆಕ್ಕ ಗೊತ್ತಿದ್ದವನು. ಅವನು ಕೇಳುತ್ತಿದ್ದದ್ದು ಕಾನೂನು ಏನು ಅಂತಲ್ಲ, ನಿನ್ನ ಮನಸ್ಸಾಕ್ಷಿ ಏನು ಹೇಳುತ್ತೆ ಅಂತ.

ಒಂದು ಪ್ರಸಂಗ ಇಟ್ಟುಕೊಳ್ಳಿ. ಭೂಮಿಯನ್ನು ಉಯಿಲು ಬರೆದು ಕೊಡಲು ಆಗ ಕಾನೂನು ಬಿಡುತ್ತಿರಲಿಲ್ಲ, 1540ರ ತನಕ. ಒಡೆಯ ಸತ್ತಾಗ ಮಗ ಚಿಕ್ಕವನಾಗಿದ್ದರೆ ಮೇಲಿನ ದೊರೆ ಬಂದು ಆದಾಯ ಬಾಚಿಕೊಳ್ಳುತ್ತಿದ್ದ. ಹಾಗಾಗಿ ಜನ ಬದುಕಿರುವಾಗಲೇ ನಂಬಿಕೆಯ ಗೆಳೆಯರ ಹೆಸರಿಗೆ ಜಮೀನು ಬರೆದು, "ನನ್ನ ಮಗನಿಗೋಸ್ಕರ ಇಟ್ಟುಕೊಳ್ಳಿ" ಅನ್ನುತ್ತಿದ್ದರು. ಗೆಳೆಯ ಕೈ ಎತ್ತಿಬಿಟ್ಟರೆ? ಮಾಮೂಲಿ ಕೋರ್ಟಿಗೆ ಹೋದರೆ, ಜಮೀನು ಯಾರ ಹೆಸರಿನಲ್ಲಿದೆಯೋ ಅವನದೇ ಅನ್ನುತ್ತಿತ್ತು. ಚಾನ್ಸಲರ್ ಕೂಡ ಜಮೀನು ಅವನದಲ್ಲ ಅನ್ನಲಿಲ್ಲ. ಇಲ್ಲಿದೆ ನೋಡಿ ಚಮತ್ಕಾರ. ಗೆಳೆಯನಿಗೆ ಸಪೀನಾ, ಅಂದರೆ ಬರದಿದ್ದರೆ ದಂಡ ಅನ್ನುವ ಸಮನ್ಸ್, ಕಳಿಸಿ ಕರೆಸಿದ. ಪ್ರಮಾಣ ಮಾಡಿಸಿ ಮಾತು ಕೊಟ್ಟಿದ್ದೆಯೋ ಇಲ್ಲವೋ ಅಂತ ಕೇಳಿದ. ಕೊಟ್ಟದ್ದು ನಿಜವಾದರೆ, ಹುಡುಗನಿಗೆ ಬರೆದುಕೊಡು ಅಂದ. ಒಪ್ಪದಿದ್ದರೆ ಲಂಡನ್ನಿನ ಫ್ಲೀಟ್ ಜೈಲು. ಜಮೀನು ನಿನ್ನದೇ ಕಣಪ್ಪ, ಯಾರು ಇಲ್ಲ ಅಂದರು? ಆದರೆ ಮಾತು ಉಳಿಸಿಕೊಳ್ಳುವ ತನಕ ಒಳಗಿರು.

ಈಕ್ವಿಟಿ ಕಾನೂನನ್ನು ಮುಟ್ಟುವುದಿಲ್ಲ, ಮನುಷ್ಯನ ಕುತ್ತಿಗೆಪಟ್ಟಿ ಹಿಡಿಯುತ್ತದೆ. ಇವತ್ತಿನ ಟ್ರಸ್ಟ್ ಅನ್ನುವ ಏರ್ಪಾಡು ಹುಟ್ಟಿದ್ದು ಇಲ್ಲಿಂದಲೇ. ನಿಮ್ಮ ಊರಿನ ದೇವಸ್ಥಾನದ ಟ್ರಸ್ಟ್ ಬೈಲಾದಲ್ಲಿ ಆ ಇಂಗ್ಲಿಷ್ ಪಾದ್ರಿಯ ವಾಸನೆ ಇನ್ನೂ ಇದೆ.

ಮಾಮೂಲಿ ಕೋರ್ಟಿನ ಜಡ್ಜ್‌ಗಳಿಗೆ ಇದು ಹಿಡಿಸಲಿಲ್ಲ. ನಾವು ಕೊಟ್ಟ ಡಿಕ್ರಿಯನ್ನು ಜಾರಿ ಮಾಡಿಸಬೇಡ ಅಂತ ಪಕ್ಕದವನು ತಡೆಯಾಜ್ಞೆ ಕೊಟ್ಟರೆ ಯಾರಿಗೆ ಸಿಟ್ಟು ಬರಲ್ಲ? 1529ರಲ್ಲಿ ಚಾನ್ಸಲರ್ ಆದ ಥಾಮಸ್ ಮೋರ್ ಈ ಜಡ್ಜ್‌ಗಳನ್ನು ಊಟಕ್ಕೆ ಕರೆದು, ನಿಮ್ಮ ಕಾನೂನಿನ ಬಿಗಿಯನ್ನು ನೀವೇ ಸ್ವಲ್ಪ ಸಡಿಲಿಸಿ, ನಾನು ತಡೆಯಾಜ್ಞೆ ಕೊಡೋದು ನಿಲ್ಲಿಸ್ತೀನಿ ಅಂದನಂತೆ. ಅವರು ಊಟ ಮಾಡಿದರು, ಮಾತು ಒಪ್ಪಲಿಲ್ಲ.

ಜಗಳ ಬೀದಿಗೆ ಬಂದದ್ದು 1615ರಲ್ಲಿ. ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿಗೆ ಲಂಡನ್ನಿನಲ್ಲಿ ಒಂದಷ್ಟು ಜಾಗ ಇತ್ತು. ಕಾಲೇಜುಗಳು ಆಸ್ತಿ ಮಾರಬಾರದು ಅಂತ 1571ರ ಕಾನೂನು. ಕಾಲೇಜಿನವರು ಒಂದು ಉಪಾಯ ಹುಡುಕಿದರು. ಜಾಗವನ್ನು ಮೊದಲು ಎಲಿಜಬೆತ್ ರಾಣಿಗೆ ಕೊಟ್ಟರು, ರಾಣಿ ಅದನ್ನು ಒಬ್ಬ ಇಟಲಿ ವ್ಯಾಪಾರಿಗೆ ಕೊಟ್ಟಳು, ಅವನಿಂದ ಅದು ಆಕ್ಸ್‌ಫರ್ಡಿನ ಅರ್ಲ್ ಅನ್ನುವ ಸರದಾರನ ಮನೆತನಕ್ಕೆ ಬಂತು. ಅಲ್ಲಿ 130 ಮನೆ ಎದ್ದವು. ಮನೆಗಳೆಲ್ಲ ಎದ್ದ ಮೇಲೆ, ವರ್ಷಗಟ್ಟಲೆ ಕಳೆದು, ಕಾಲೇಜಿಗೆ ತನ್ನ ಮಾರಾಟವೇ ಕಾನೂನುಬಾಹಿರ ಅಂತ ಜ್ಞಾನೋದಯವಾಯಿತು! ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್ ಹೌದು ಅಂದ. ಕಾನೂನಿನ ಅಕ್ಷರ ನೋಡಿದರೆ ಅವನದೇನೂ ತಪ್ಪಿಲ್ಲ. ಅರ್ಲ್ ಕಡೆಯವರು ಚಾನ್ಸಲರ್ ಎಲ್ಸ್‌ಮಿಯರ್ ಹತ್ತಿರ ಓಡಿದರು. ಕಾಲೇಜಿನ ಮುಖ್ಯಸ್ಥ ಅಲ್ಲಿ ಉತ್ತರ ಕೊಡಲ್ಲ ಅಂದ. ಎಲ್ಸ್‌ಮಿಯರ್ ಅವನನ್ನು ಸೀದಾ ಫ್ಲೀಟ್ ಜೈಲಿಗೆ ಕಳಿಸಿದ. ತೀರ್ಪು ತಪ್ಪು ಅಂತ ನಾನು ಹೇಳ್ತಿಲ್ಲ, ಅದನ್ನು ಹಿಡಿದುಕೊಂಡಿರುವವನ ಮನಸ್ಸಾಕ್ಷಿಯನ್ನು ನೋಡ್ತಿದ್ದೇನೆ ಅನ್ನುವುದು ಅವನ ವಾದ. ಮನುಷ್ಯರ ನಡೆ ಲೆಕ್ಕವಿಲ್ಲದಷ್ಟು ಬಗೆ, ಎಲ್ಲಕ್ಕೂ ಹೊಂದುವ ಒಂದೇ ಕಾನೂನು ಮಾಡಲಾಗದು ಅಂತಲೂ ಬರೆದ. 1616ರಲ್ಲಿ ರಾಜ ಜೇಮ್ಸ್ ಚಾನ್ಸಲರ್ ಕಡೆ ನಿಂತ. ಅದೇ ವರ್ಷ ಕೋಕ್ ಕೆಲಸ ಹೋಯಿತು, ಅದಕ್ಕೆ ಬೇರೆ ಜಗಳಗಳೂ ಸೇರಿದ್ದವು ಅನ್ನಿ.

ಮನಸ್ಸಾಕ್ಷಿ ನೋಡಿ ತೀರ್ಪು ಅನ್ನೋದು ಕೇಳಲು ಚೆನ್ನ. ಆದರೆ ಯಾರ ಮನಸ್ಸಾಕ್ಷಿ? ಅದೇ ಶತಮಾನದ ಕಾನೂನು ಪಂಡಿತ ಜಾನ್ ಸೆಲ್ಡನ್ ಸರಿಯಾಗಿ ಚುಚ್ಚಿದ: ಚಾನ್ಸಲರ್ ಪಾದದ ಉದ್ದವನ್ನೇ ಒಂದು ಅಡಿ ಅಂತ ಅಳತೆಗೆ ಇಟ್ಟುಕೊಂಡ ಹಾಗಾಯಿತು, ಒಬ್ಬೊಬ್ಬರದು ಒಂದೊಂದು ಉದ್ದ. ಈ ಮಾತು ನಾಟಿತು. ಆಮೇಲೆ ಬಂದ ನಾಟಿಂಗ್‌ಹ್ಯಾಮ್, ಎಲ್ಡನ್ ತರದ ಚಾನ್ಸಲರ್‌ಗಳು ಎಲ್ಲವನ್ನೂ ನಿಯಮಕ್ಕೆ ಕಟ್ಟಿದರು. ಎಷ್ಟು ಕಟ್ಟಿದರು ಅಂದರೆ ಕೊನೆಗೆ ಅಲ್ಲೂ ಮಾಮೂಲಿ ಕೋರ್ಟಿಗಿಂತ ಜಾಸ್ತಿ ವಾಯಿದೆ, ಜಾಸ್ತಿ ಖರ್ಚು. 1873-75ರ ಕಾಯ್ದೆಗಳು ಎರಡೂ ಕೋರ್ಟುಗಳನ್ನು ಒಂದು ಮಾಡಿ, ಜಟಾಪಟಿ ಬಂದರೆ ಈಕ್ವಿಟಿಯೇ ಮೇಲು ಅಂದವು.

ನಮ್ಮ ತೋಟದವರ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಅಡಮಾನವೂ ಹೀಗೇ ಇತ್ತು. ಜಮೀನನ್ನು ಪೂರ್ತಿ ಬರೆದುಕೊಡಬೇಕು, ಇಂಥ ದಿನ ದುಡ್ಡು ಕೊಟ್ಟರೆ ವಾಪಸ್. ಒಂದು ದಿನ ತಪ್ಪಿದರೂ ಜಮೀನು ಹೋಯಿತು. 17ನೇ ಶತಮಾನದಲ್ಲಿ ಚಾನ್ಸಲರ್ ಕೋರ್ಟು ಇದಕ್ಕೆ ಕೈ ಹಾಕಿತು. ಕೊಟ್ಟದ್ದು ಸಾಲ, ಜಮೀನು ಅದಕ್ಕೆ ಆಧಾರ ಅಷ್ಟೇ. ದಿನ ದಾಟಿದರೂ ಅಸಲು, ಬಡ್ಡಿ, ಖರ್ಚು ಕೊಟ್ಟು ಬಿಡಿಸಿಕೊಳ್ಳಬಹುದು ಅಂದಿತು. 1762ರ ಒಂದು ತೀರ್ಪಿನಲ್ಲಿ ಆಗಿನ ಚಾನ್ಸಲರ್ ಲಾರ್ಡ್ ನಾರ್ತಿಂಗ್‌ಟನ್, ಕಷ್ಟದಲ್ಲಿರುವ ಮನುಷ್ಯ ನಿಜವಾಗಿ ಸ್ವತಂತ್ರನಲ್ಲ, ಆ ಹೊತ್ತಿನ ತಾಪತ್ರಯ ಕಳೆಯಲು ಚಾಲಾಕಿಗಳು ಹಾಕಿದ ಯಾವ ಷರತ್ತಿಗೂ ಒಪ್ಪುತ್ತಾನೆ ಅಂದ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರನ್ನು ನೋಡಿದ ಯಾವ ವಕೀಲನಿಗೂ ಈ ಮಾತು ಮರೆಯಲ್ಲ.

ನಮ್ಮಲ್ಲಿ ಇದಕ್ಕೆ ಮುದ್ದತು ಕ್ರಯ ಅನ್ನುತ್ತಾರೆ. ಬಿಡಿಸಿಕೊಳ್ಳುವ ಹಕ್ಕು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಆದರೆ 1929ರಲ್ಲಿ ಒಂದು ತಿದ್ದುಪಡಿ ಬಂತು: ತಿರುಗಿ ಕೊಡುವ ಷರತ್ತು ಆ ಕ್ರಯಪತ್ರದಲ್ಲೇ ಇರಬೇಕು, ಬೇರೆ ಕಾಗದದಲ್ಲಿದ್ದರೆ ಅದು ಅಡಮಾನ ಅನ್ನಿಸಿಕೊಳ್ಳಲ್ಲ. ಇವರ ಹತ್ತಿರ ಇದ್ದದ್ದು ಎರಡು ಕಾಗದ. ಬರಿ ಕಾಗದ ನೋಡಿದರೆ ಮಾರಾಟ ಮಾರಾಟವೇ, ಎರಡನೆಯದು ಬರೀ ವಾಪಸ್ ಮಾರುವ ಕರಾರು. ಅದರಲ್ಲಿ ಗಡುವು ಅಂದರೆ ಗಡುವೇ.

ಈಕ್ವಿಟಿಯ ಇನ್ನೊಂದು ಮುಖ ಜನಕ್ಕೆ ಗೊತ್ತಿರಲ್ಲ. ಅದು ಕೇಳಲು ಬಂದವನ ಕೈಯನ್ನೂ ನೋಡುತ್ತದೆ. ಕೈ ಶುದ್ಧ ಇರಬೇಕು. 1725ರಲ್ಲಿ ಲಂಡನ್ನಿನಲ್ಲಿ ಒಬ್ಬ, ಪಾಲುದಾರ ಲಾಭದ ಲೆಕ್ಕ ಕೊಡ್ತಿಲ್ಲ ಅಂತ ಈಕ್ವಿಟಿ ಕೇಸು ಹಾಕಿದ. ಏನು ವ್ಯಾಪಾರ? ರಸ್ತೆಗಳಲ್ಲಿ "ಹಲವು ಸಭ್ಯರ ಜೊತೆ" ಗಡಿಯಾರ, ಉಂಗುರ, ಕುದುರೆ ವ್ಯವಹಾರವಂತೆ. ಇಬ್ಬರೂ ದಾರಿಗಳ್ಳರು! ಕೋರ್ಟು ಅರ್ಜಿ ಬಿಸಾಕಿ, ಅವನ ಅಟಾರ್ನಿಗಳಿಗೆ ತಲಾ 50 ಪೌಂಡ್ ದಂಡ ಹಾಕಿತು. ಕಳ್ಳರಿಬ್ಬರೂ ಮುಂದೆ ಗಲ್ಲಿಗೇರಿದರು. ಹಾಗಂತ ನೀವು ಸಂತರಾಗಿರಬೇಕಿಲ್ಲ. ಕೇಳುತ್ತಿರುವ ವಿಷಯದಲ್ಲೇ ಕೊಳೆ ಇರಬಾರದು, ಅಷ್ಟೇ. ನಮ್ಮ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲೂ ಈ ಮಾತಿದೆ, ಅರ್ಜಿದಾರನ ನಡತೆ ಸರಿಯಿಲ್ಲದಿದ್ದರೆ ತಡೆಯಾಜ್ಞೆ ಇಲ್ಲ ಅಂತ.

ಗಡುವಿನ ಒಳಗೆ ಭಾವಮೈದ ಏನಾದರೂ ಟೈಮ್ ಕೊಟ್ಟಿದ್ದನಾ, ಬರಹದಲ್ಲಿ, ಅಂತ ಕೇಳಿದೆ. ತುಂಬಾ ಹೊತ್ತು ಮೊಬೈಲ್ ಉಜ್ಜಿ ಒಂದು ವಾಟ್ಸಾಪ್ ಮೆಸೇಜ್ ತೋರಿಸಿದರು. "ಅವಸರ ಇಲ್ಲ ಭಾವ, ಕೊಬ್ಬರಿ ರೇಟು ಬರ್ಲಿ, ಆಮೇಲೆ ಕೊಡಿ." ಗಡುವಿಗೆ ಇನ್ನೂ ಎರಡು ತಿಂಗಳಿತ್ತು ಆಗ. ನನಗೆ ಜೀವ ಬಂತು. ಹಾಗೆ ಮಾತು ಕೊಟ್ಟು ನಂಬಿಸಿ, ಆಮೇಲೆ ಗಡುವು ಮುಗೀತು ಅನ್ನುವವನನ್ನು ಕೇಳಲು ಈಕ್ವಿಟಿಗೆ ಬರುತ್ತದೆ.

ಕೆಳಗೆ ಇವರದೇ ಉತ್ತರ ಇತ್ತು. "ನನ್ನ ಕೈಲಿ ಆಗಲ್ಲ, ತೋಟ ನೀನೇ ಇಟ್ಕೊ." ಯಾವುದೋ ಸಿಟ್ಟಿನಲ್ಲಿ ಹಾಕಿದ್ದು ಅಂದರು.

"ಮೇಲಿಂದು ಒಂದೇ ಪ್ರಿಂಟ್ ತೆಗೆಸಿದ್ರೆ ಆಗಲ್ವಾ ಸಾರ್?"

"ತೋರಿಸೋದಾದ್ರೆ ಎರಡೂ ತೋರಿಸ್ಬೇಕು ಯಜಮಾನ್ರೇ" ಅಂದೆ.

ಅವರು ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟು, ಕುಡಿಯಲು ನೀರು ಕೇಳಿದರು.